ದೊಂದಿ, ರಾಳ ಮತ್ತು ಹೈ ಬೀಮ್

ಚೌತಿಗೆ ಊರಿಗೆ ಹೋಗಿ ಬಂದ ಮುಂಬೈಯವರೆಲ್ಲ ಈ ಸಲವೂ ಕಣ್ಣುಜ್ಜಿಕೊಂಡೇ ಆಫೀಸಿಗೆ ಹೋಗಿದ್ದಾರೆ. ನಿದ್ದೆಗೆಟ್ಟು ಅಲ್ಲ. ಮುಂಬೈ–ಗೋವಾ ಹೆದ್ದಾರಿಯಲ್ಲಿ ಎದುರಿಂದ ಬಂದ ಗಾಡಿಗಳ ಹೈ ಬೀಮ್ ಇನ್ನೂ ಕಣ್ಣೊಳಗೇ ಇದೆ. ಆ ರಸ್ತೆಯ ಕತೆ ಬಿಡಿ. 2011ರಲ್ಲಿ ಅಗಲ ಮಾಡಲು ಶುರು ಮಾಡಿದರು, ಆಮೇಲೆ ವರ್ಷಗಟ್ಟಲೆ ಮುಗಿಯಲೇ ಇಲ್ಲ. ರಸ್ತೆ ಹೇಗೇ ಇರಲಿ, ಬಲ್ಬು ಮಾತ್ರ ವರ್ಷ ವರ್ಷ ಅಪ್‌ಗ್ರೇಡ್ ಆಗುತ್ತಿದೆ.

ನಮ್ಮ ಸೊಸೈಟಿಯ ಶೆಟ್ರು ಮೊನ್ನೆ ಕುರ್ಲಾಕ್ಕೆ ಹೋಗಿ ಕಾರಿನ ಹೆಡ್‌ಲೈಟಿಗೆ ಎಲ್‌ಇಡಿ ಹಾಕಿಸಿಕೊಂಡು ಬಂದರು. ಡಬ್ಬಿ ಮೇಲೆ 20,000 ಲ್ಯೂಮೆನ್ (ಬೆಳಕಿನ ಅಳತೆ) ಅಂತ ಬರೆದಿತ್ತು. ಕಾರಿನ ಜೊತೆ ಬಂದ ಎಚ್4 ಹ್ಯಾಲೊಜೆನ್ ಬಲ್ಬು, ಪಾಪ, ಹೈ ಬೀಮಿಗೆ 60 ವ್ಯಾಟ್, ಲೋ ಬೀಮಿಗೆ 55. ಆ ಬಲ್ಬಿನ ಫಿಲಮೆಂಟ್ ಎಲ್ಲಿ ಉರಿಯಬೇಕು ಅಂತ ಲೆಕ್ಕ ಹಾಕಿಯೇ ರಿಫ್ಲೆಕ್ಟರ್ ಮಾಡಿರುತ್ತಾರೆ. ಅದರೊಳಗೆ ಎಲ್‌ಇಡಿ ತುರುಕಿದರೆ ಬೆಳಕಿಗೆ ದಾರಿ ತಪ್ಪುತ್ತದೆ. ಮರದ ತುದಿ, ಮೂರನೇ ಮಹಡಿಯ ನಮ್ಮ ಬಾಲ್ಕನಿ, ಎದುರಿನವನ ಕಣ್ಣು, ಎಲ್ಲಿಗೆ ಬೇಕಾದರೂ ಹೋಗುತ್ತದೆ. ಶೆಟ್ರಿಗೆ ಅದೇ ಖುಷಿ. ‘ನೋಡಿ ಮಾರಾಯ್ರೆ, ಮರದ ಮೇಲಿನ ಕಾಗೆಗೂಡೂ ಕಾಣ್ತದೆ!’

ಕಾಗೆಗೂಡು ನೋಡಲಿಕ್ಕಾ ಕಾರು ತಗೊಂಡದ್ದು?

ನನಗೆ ಊರಿನ ಬಯಲಾಟ ನೆನಪಾಗುತ್ತದೆ. ಗದ್ದೆಯಲ್ಲಿ ಎರಡು ಗ್ಯಾಸ್‌ಲೈಟ್. ಅಷ್ಟರಲ್ಲೇ ಇಡೀ ಊರು ಬೆಳಗಿನ ತನಕ ಆಟ ನೋಡುತ್ತಿತ್ತು. ಬಣ್ಣದ ವೇಷ, ಅಂದರೆ ರಾಕ್ಷಸ ಪಾತ್ರ, ಬರುವಾಗ ಮಾತ್ರ ದೊಂದಿಗೆ ರಾಳದ ಪುಡಿ ಎರಚುತ್ತಿದ್ದರು. ಭಗ್ ಅಂತ ಬೆಂಕಿ. ನಾವು ಅಜ್ಜಿಯ ಸೆರಗಿನೊಳಗೆ. ಎಂಥಾ ರಾಕ್ಷಸನಾದರೂ ನಾಲ್ಕು ಸುತ್ತು ಅಬ್ಬರಿಸಿದ ಮೇಲೆ ದೊಂದಿ ನಂದುತ್ತಿತ್ತು. ಈಗಿನ ಬಣ್ಣದ ವೇಷಗಳು ಮಾಣಗಾಂವ್‌ನಿಂದ ಸಾವಂತವಾಡಿ ತನಕ ಒಂದೇ ಉರಿ. ಆಟದಲ್ಲಾದರೆ ಬೆಳಗಿನ ಜಾವಕ್ಕೆ ವಧೆಯಾದರೂ ಇರುತ್ತಿತ್ತು.

100 ವ್ಯಾಟಿನ ಬಲ್ಬಿನ ಡಬ್ಬಿ ಮೇಲೆ ‘ಆಫ್ ರೋಡ್‌ಗೆ ಮಾತ್ರ’ ಅಂತ ಸಣ್ಣಕ್ಷರದಲ್ಲಿ ಇರುತ್ತದೆ. ನಮ್ಮ ಹೆದ್ದಾರಿಯ ಡೈವರ್ಶನ್ ನೋಡಿದರೆ ಅದೇನೂ ಸುಳ್ಳಲ್ಲ. ಲಾರಿಗಳ ಹಿಂದೆ ‘ಯೂಸ್ ಡಿಪ್ಪರ್ ಅಟ್ ನೈಟ್’ ಅಂತ ಇರುತ್ತದಲ್ಲ, ಅದನ್ನೂ ಎಲ್ಲರೂ ಹೈ ಬೀಮಿನಲ್ಲೇ ಓದುತ್ತಾರೆ.

ಈ ಸಲ ಚಿಪ್ಳೂಣ್ ದಾಟಿದ ಮೇಲೆ ಎದುರಿಂದ ಒಂದು ಗಾಡಿ ಬಂತು. ಅದು ಹೋದ ಮೇಲೂ ನನಗೆ ಏನೂ ಕಾಣಲಿಲ್ಲ. ಹೆಂಡತಿ ಕಿರುಚಿದಳು, ಬ್ರೇಕ್ ಒತ್ತಿದೆ. ಬಂಪರಿನ ಮುಂದೆ ಒಬ್ಬ ಮುದುಕ, ಸೈಕಲ್ ತಳ್ಳಿಕೊಂಡು. ಅವನು ಬೈಯಲೂ ಇಲ್ಲ. ಸುಮ್ನೆ ಪಕ್ಕಕ್ಕೆ ಸರಿದ. ಲೋ ಬೀಮ್ ಮಾಡಲು ಏನು ಬೇಕು? ಒಂದು ಬೆರಳು ಅಲುಗಿಸಬೇಕು. ಅಷ್ಟೂ ಆಗುವುದಿಲ್ಲವೇನ್ರೀ ನಿಮಗೆ?

ಹಾಗಂತ ನಾನೇನು ಸಾಚಾ ಅಲ್ಲ. ವಾಪಸ್ ಬಂದವನೇ ಕುರ್ಲಾಕ್ಕೆ ಹೋದೆ. ನನ್ನ ಹೆಡ್‌ಲೈಟಿನ ಪ್ಲಾಸ್ಟಿಕ್ ಹಳದಿಗಟ್ಟಿ ಮಂಕಾಗಿದೆ. ಪಾಲಿಶ್ ಮಾಡಿಸಿ, ಸ್ಕ್ರೂ ತಿರುಗಿಸಿ ಬೆಳಕಿನ ಮಟ್ಟ ಸರಿ ಮಾಡಿಸಿದರೆ ಸಾಕು. ಅದು ನನಗೂ ಗೊತ್ತು, ಅಂಗಡಿಯವನಿಗೂ ಗೊತ್ತು. ಆದರೂ ಅವನು ಎಲ್‌ಇಡಿ ತೋರಿಸಿದ, ನಾನೂ ನೋಡಿದೆ.

‘ಎದುರಿನವರದ್ದು ಕಣ್ಣಿಗೆ ಹೊಡೆದರೆ?’ ಅಂದೆ.

ಡ್ರಾಯರಿನಿಂದ ಹಳದಿ ಕನ್ನಡಕ ತೆಗೆದ. ‘ಎರಡೂ ಒಟ್ಟಿಗೆ ತಗೊಂಡರೆ ಕಡಿಮೆ ಮಾಡಿ ಕೊಡ್ತೇನೆ ಸಾರ್.’

ಕನ್ನಡಕ ಮಾತ್ರ ತಗೊಂಡೆ. ರಾತ್ರಿ ಶೆಟ್ರು ಗಾಡಿ ಪಾರ್ಕ್ ಮಾಡುವ ಹೊತ್ತಿಗೆ ಅದನ್ನು ಹಾಕಿಕೊಂಡು ಬಾಲ್ಕನಿಯಲ್ಲಿ ಕೂರುತ್ತೇನೆ.