ಕಾರ್ಪೊರೇಟರ್ ನಂಬರ್ ಇಲ್ಲದವರು ಏನು ಮಾಡಬೇಕು?

ಇವತ್ತು ಬೆಳಗ್ಗೆ ನಮ್ಮ ಬೀದಿಗೆ ಜೆಟ್ಟಿಂಗ್ ಗಾಡಿ, ಅಂದರೆ ಕಟ್ಟಿಕೊಂಡ ಚರಂಡಿ ಕ್ಲೀನ್ ಮಾಡುವ ಗಾಡಿ ಬಂತು. ಪಕ್ಕದ ಮನೆಯವರು ಕಾರ್ಪೊರೇಟರ್‌ಗೆ ಫೋನ್ ಮಾಡಿದ್ದರು, ಸ್ವಲ್ಪ ಹೊತ್ತಿಗೆಲ್ಲ ಗಾಡಿ ಹಾಜರು. ಒಳಚರಂಡಿ (ಯುಜಿಡಿ) ಚೇಂಬರ್ ಕ್ಲೀನ್ ಆಯ್ತು, ಎಲ್ಲರಿಗೂ ಖುಷಿ. ಅಷ್ಟರಲ್ಲಿ ಹಿಂದಿನ ಓಣಿಯಿಂದ ಒಬ್ಬ ಹೆಂಗಸು ಮಗು ಎತ್ತಿಕೊಂಡು ಓಡಿ ಬಂದರು. "ಅಣ್ಣಾ, ನಮ್ಮನಿ ಮುಂದಿಂದೂ ತುಂಬಿ ಹರಿಯಾಕತ್ತೈತಿ, ಒಂದ್ಸಲ ಬಂದು ನೋಡ್ರಿ" ಅಂದರು. ಗಾಡಿಯವನು ಪೈಪು ಸುತ್ತುತ್ತಲೇ, "ಮೆಂಬರ್ ಕಡೆಯಿಂದ ಹೇಳಿಸ್ರಿ ಅಕ್ಕ, ಬರ್ತೀವಿ" ಅಂದ.

ಆಕೆಗೆ ಮೆಂಬರ್, ಅಂದರೆ ಕಾರ್ಪೊರೇಟರ್, ಯಾರೆಂದೇ ಗೊತ್ತಿಲ್ಲ. ಸಿರುಗುಪ್ಪ ಕಡೆಯವರು, ಇಲ್ಲಿ ಬಾಡಿಗೆಗಿದ್ದು ಜೀನ್ಸ್ ಹೊಲಿಯುವ ಕೆಲಸಕ್ಕೆ ಹೋಗುತ್ತಾರೆ. ಗಾಡಿ ಅವರ ಓಣಿ ದಾಟಿಕೊಂಡೇ ವಾಪಸ್ ಹೋಯಿತು. ನನಗೆ ಆಗಿನಿಂದ ಹೊಟ್ಟೆ ಉರಿಯುತ್ತಿದೆ.

ಗಾಡಿಯವನ ಮೇಲೆ ಸಿಟ್ಟಿಲ್ಲ, ಅವನು ಹೇಳಿದ ಕೆಲಸ ಮಾಡುವವನು. ಕಾರ್ಪೊರೇಟರ್ ಕೂಡ ಕೆಟ್ಟವರಲ್ಲ, ರಾತ್ರಿ ಫೋನ್ ಮಾಡಿದರೂ ಎತ್ತುತ್ತಾರೆ. ಆದರೆ ಯಾರದ್ದು ಎತ್ತುತ್ತಾರೆ? ನಂಬರ್ ಇದ್ದವರದ್ದು. ಗುರುತು ಇದ್ದವರದ್ದು. ಬಳ್ಳಾರಿ ಪಾಲಿಕೆಯಲ್ಲಿ 39 ವಾರ್ಡ್ ಇವೆ. 2011ರ ಜನಗಣತಿಯಲ್ಲೇ ಊರಿನ ಜನಸಂಖ್ಯೆ 4 ಲಕ್ಷ ದಾಟಿತ್ತು. ಅಂದರೆ ಒಂದು ವಾರ್ಡ್‌ಗೆ ಏನಿಲ್ಲವೆಂದರೂ ಹತ್ತು ಸಾವಿರ ಜನ. ಅಷ್ಟೂ ಜನ ಒಬ್ಬರ ಮೊಬೈಲ್‌ಗೆ ಫೋನ್ ಮಾಡಿ ಚರಂಡಿ ಕ್ಲೀನ್ ಮಾಡಿಸಿಕೊಳ್ಳಲು ಆಗುತ್ತಾ?

ಇದಕ್ಕೆ ದಾರಿ ಇಲ್ಲ ಅಂತಲ್ಲ. ದಾರಿ ಸಂವಿಧಾನದಲ್ಲೇ ಇದೆ. 74ನೇ ತಿದ್ದುಪಡಿ 1993ರಲ್ಲಿ ಜಾರಿಗೆ ಬಂತು. 3 ಲಕ್ಷ ಅಥವಾ ಅದಕ್ಕಿಂತ ಜಾಸ್ತಿ ಜನ ಇರುವ ಊರಲ್ಲಿ ವಾರ್ಡ್ ಸಮಿತಿ ಇರಲೇಬೇಕು ಅಂತ ಅದು ಹೇಳುತ್ತದೆ. ನಮ್ಮ ರಾಜ್ಯದ ಕಾನೂನಿನಲ್ಲೂ ಇದೆ: ವಾರ್ಡ್‌ಗೊಂದು ಸಮಿತಿ, ಕಾರ್ಪೊರೇಟರೇ ಅಧ್ಯಕ್ಷರು, ಜೊತೆಗೆ ಹತ್ತು ಜನ ಸದಸ್ಯರು, ಅವರಲ್ಲಿ ಕನಿಷ್ಠ ಮೂವರು ಹೆಂಗಸರು, ಪರಿಶಿಷ್ಟ ಜಾತಿ ಪಂಗಡದವರು ಕನಿಷ್ಠ ಇಬ್ಬರು. ತಿಂಗಳಿಗೊಮ್ಮೆ ಸಭೆ. ಹಿಂದಿನ ಓಣಿಯ ಆ ಹೆಂಗಸು ಅಲ್ಲಿ ಬಂದು "ನಮ್ಮ ಚೇಂಬರ್ ತುಂಬಿದೆ" ಅಂದರೆ ಅದು ಪುಸ್ತಕದಲ್ಲಿ ಬರೆದಾಗುತ್ತದೆ. ಮುಂದಿನ ತಿಂಗಳು ಏನಾಯ್ತು ಅಂತ ಕೇಳಬಹುದು. ಯಾರ ಕಡೆಯಿಂದಲೂ ಹೇಳಿಸಬೇಕಾಗಿಲ್ಲ. ನಮ್ಮ ವಾರ್ಡ್‌ನಲ್ಲಿ ಅಂಥದ್ದೊಂದು ಸಭೆಗೆ ಯಾರೂ ನನ್ನನ್ನು ಕರೆದಿಲ್ಲ, ನಡೆದದ್ದನ್ನು ನಾನು ಕೇಳಿಯೂ ಇಲ್ಲ.

ಸಮಿತಿ ಮಾಡಿದರೆ ಅಲ್ಲೂ ರಾಜಕೀಯ ಬರುತ್ತೆ, ಅವರವರ ಜನರನ್ನೇ ತುಂಬುತ್ತಾರೆ, ಈಗ ಕೆಲಸ ಆಗ್ತಿದೆಯಲ್ಲ ಸುಮ್ನಿರಿ ಅಂತ ಗೆಳೆಯರೊಬ್ಬರು ಹೇಳಿದರು. ತುಂಬಲಿ ಬಿಡಿ. ಸಭೆಯ ಬಾಗಿಲು ತೆರೆದಿದ್ದರೆ ಹೋಗಿ ಜಗಳವಾದರೂ ಮಾಡಬಹುದು, ಒಬ್ಬರ ಮೊಬೈಲ್ ಒಳಗೆ ಹೋಗಿ ಜಗಳ ಮಾಡಲು ಆಗಲ್ಲ. ಇನ್ನು ಕೆಲಸ ಆಗ್ತಿದೆ ಅನ್ನುವುದು ನಮ್ಮ ಬೀದಿಯ ಮಾತು. ಹಿಂದಿನ ಓಣಿಗೆ ಹೋಗಿ ಹೇಳಿ ನೋಡೋಣ.

ಇದು ಬರೀ ವಾಸನೆಯ ವಿಷಯ ಅಲ್ಲ. ನಲ್ಲಿ ಪೈಪೂ ಅದೇ ಓಣಿಯಲ್ಲಿ, ಅದೇ ಮಣ್ಣಿನಡಿ ಇದೆ. ಪೈಪ್ ಎಲ್ಲಾದರೂ ಒಡೆದಿದ್ದರೆ ನೀರು ನಿಂತ ಹೊತ್ತಲ್ಲಿ ಹೊರಗಿನ ಹೊಲಸು ಒಳಗೆ ಎಳೆದುಕೊಳ್ಳುತ್ತದೆ. ನಮ್ಮಲ್ಲಿ ನೀರು ದಿನಾ ಬರಲ್ಲ, ಪೈಪ್ ಖಾಲಿ ಇರುವ ದಿನಗಳೇ ಜಾಸ್ತಿ. 2022ರಲ್ಲಿ ಪಕ್ಕದ ರಾಯಚೂರಿನಲ್ಲಿ ಕಲುಷಿತ ನೀರು ಕುಡಿದು ಜನ ಸತ್ತರು. ಅಷ್ಟು ಬೇಗ ಮರೆತುಬಿಟ್ಟೆವಾ? ಆ ಮಗು ಕುಡಿಯುವುದೂ ಆ ಓಣಿಯ ನಲ್ಲಿ ನೀರನ್ನೇ.

ಒಂದು ಮಾತು ಹೇಳಿಬಿಡುತ್ತೇನೆ. ಇದನ್ನು ಬರೆಯಲು ನನಗೆ ಭಯ ಇದೆ. ಮನೆಯಲ್ಲಿ ವಯಸ್ಸಾದ ಅತ್ತೆ ಇದ್ದಾರೆ, ನಾಳೆ ನಮ್ಮ ಚೇಂಬರ್ ಕಟ್ಟಿಕೊಂಡಾಗ ಕಾರ್ಪೊರೇಟರ್ ಫೋನ್ ಎತ್ತದೇ ಹೋದರೆ ಅಂತ ಅನ್ನಿಸಿತು. ಏಪ್ರಿಲ್‌ನಲ್ಲೇ ಮನೆ ತೆರಿಗೆ ಕಟ್ಟಿದರೆ 5% ರಿಯಾಯಿತಿ ಅಂತ ಓಡಿ ಹೋಗಿ ಕಟ್ಟುವವರು ನಾವು. ದುಡ್ಡು ಕಟ್ಟಿಯೂ ಹೆದರಬೇಕು ಅಂದರೆ ಏನರ್ಥ? ಬಾಡಿಗೆಯವರೂ ಆ ತೆರಿಗೆಯನ್ನು ಬಾಡಿಗೆಯಲ್ಲೇ ಕಟ್ಟುತ್ತಿದ್ದಾರೆ, ಮನೆ ಮಾಲೀಕರು ಅದನ್ನು ಬಿಟ್ಟು ಲೆಕ್ಕ ಹಾಕುತ್ತಾರಾ?

ಆ ಹೆಂಗಸಿಗೆ ಕಾರ್ಪೊರೇಟರ್ ನಂಬರ್ ಕೊಟ್ಟೆ, ನಾನೂ ಫೋನ್ ಮಾಡಿ ಹೇಳಿದೆ. "ಕಳಿಸ್ತೀನಮ್ಮ" ಅಂದಿದ್ದಾರೆ, ಕಳಿಸುತ್ತಾರೆ ಕೂಡ. ಅದು ಆ ಒಂದು ಮನೆಯ ಕೆಲಸ ಆಯಿತು. ವಾರ್ಡ್ ಸಮಿತಿ ಯಾವಾಗ ಮಾಡುತ್ತೀರಿ, ಮೊದಲ ಸಭೆ ಯಾವ ದಿನ ಅಂತ ಕೇಳಿ ಸೋಮವಾರ ಪಾಲಿಕೆಗೆ ಅರ್ಜಿ ಕೊಡುತ್ತಿದ್ದೇನೆ. ನಮ್ಮ ವಾರ್ಡ್‌ನವರು ಯಾರಿದ್ದೀರೋ ಸಹಿ ಹಾಕಲು ಬನ್ನಿ, ಹಿಂದಿನ ಓಣಿಯವರನ್ನೂ ಕರೆದುಕೊಂಡು ಬನ್ನಿ.