ಮಗು ಎಸ್ಸೆಸ್ಸೆಲ್ಸಿಗೆ ಬಂದಾಗ ಜಾತಕ ನೋಡಿಸಿದರು

ನಮ್ಮ ಕಡೆ ಮದುವೆಗೆ ಮುಂಚೆ ಜಾತಕ ನೋಡುತ್ತಾರೆ. ನಂಬೋದು ಬಿಡೋದು ಅವರವರಿಗೆ ಬಿಟ್ಟದ್ದು. ಆದರೆ ಯಾವುದು ಮೊದಲು, ಯಾವುದು ಆಮೇಲೆ ಅನ್ನೋದು ಎಲ್ಲರಿಗೂ ಗೊತ್ತು. ಮೊದಲು ಜಾತಕ, ಆಮೇಲೆ ಛತ್ರ, ಆಮೇಲೆ ಅಡುಗೆಯವರಿಗೆ ಅಡ್ವಾನ್ಸು. ಮದುವೆಯಾಗಿ, ಮಗು ಹುಟ್ಟಿ, ಅದು ಎಸ್ಸೆಸ್ಸೆಲ್ಸಿಗೆ ಬಂದ ಮೇಲೆ ಜೋಯಿಸರ ಬಾಗಿಲು ತಟ್ಟಿ, "ಇವರಿಬ್ಬರಿಗೂ ಕೂಡಿ ಬರುತ್ತಾ ನೋಡಿ ಸ್ವಾಮಿ" ಎಂದವರನ್ನು ನಾನಂತೂ ನೋಡಿಲ್ಲ.

ಐರ್ಲೆಂಡ್ ದೇಶ ಅದನ್ನು ಮಾಡಿ ತೋರಿಸಿದೆ. ತಡ ಮಾಡಿದ್ದಕ್ಕೆ ದಿನಕ್ಕೆ 15,000 ಯೂರೋ ದಂಡವನ್ನೂ ಕಟ್ಟಿದೆ.

ಯುರೋಪಿನ ಒಕ್ಕೂಟದ ದೇಶಗಳೆಲ್ಲ ಕೂತು 1985ರಲ್ಲಿ ಒಂದು ನಿಯಮ ಮಾಡಿಕೊಂಡವು. ದೊಡ್ಡ ಕಾಮಗಾರಿ ಶುರು ಮಾಡುವ ಮುಂಚೆ ಅದರಿಂದ ಮಣ್ಣಿಗೆ, ನೀರಿಗೆ, ಮೀನಿಗೆ, ಮನುಷ್ಯನಿಗೆ ಏನಾಗುತ್ತೆ ಅಂತ ಲೆಕ್ಕ ಹಾಕಬೇಕು. ನಮ್ಮ ಭಾಷೆಯಲ್ಲಿ ಹೇಳುವುದಾದರೆ, ಜಾತಕ ನೋಡಬೇಕು. ಇದನ್ನು ತಮ್ಮ ತಮ್ಮ ಕಾನೂನಿಗೆ ಸೇರಿಸಿಕೊಳ್ಳಲು ಮೂರು ವರ್ಷ ಟೈಮು. ಕೊನೇ ದಿನ 1988ರ ಜುಲೈ 3. ಹೊರಗಿನವರು ಯಾರೋ ಬಂದು ಹೇರಿದ್ದಲ್ಲ ಇದು. ಐರ್ಲೆಂಡೂ ಅದೇ ಮೇಜಿನ ಸುತ್ತ ಕೂತು, ಚಹಾ ಕುಡಿದು, ತಲೆಯಾಡಿಸಿ ಬಂದಿತ್ತು.

ಈಗ ಐರ್ಲೆಂಡಿನ ಗಾಲ್ವೇ ಕೌಂಟಿಯ, ಅಂದರೆ ಜಿಲ್ಲೆಯ, ಡೆರಿಬ್ರಿಯನ್ ಎಂಬ ಊರಿಗೆ ಬನ್ನಿ. ಸ್ಲೀವ್ ಆಟಿ ಬೆಟ್ಟಗಳ ಸಾಲು. ಅಲ್ಲಿನ ನೆಲ ನಮ್ಮ ಕಲ್ಲುಗುಡ್ಡದ ಹಾಗಲ್ಲ. ಪೀಟ್ ಅಂತಾರೆ ಅದಕ್ಕೆ. ಸಾವಿರಾರು ವರ್ಷದಿಂದ ಪಾಚಿ, ಹುಲ್ಲು ನೀರಲ್ಲೇ ಅರೆಬರೆ ಕೊಳೆತು ಕೂತ ಕಪ್ಪು ಮಣ್ಣು. ಮಣ್ಣು ಅನ್ನೋದೂ ಸುಮ್ನೆ ಒಂದು ಮರ್ಯಾದೆಗೆ. ತೂಕದಲ್ಲಿ ನೂರಕ್ಕೆ ತೊಂಬತ್ತು ಪಾಲು ನೀರೇ. ಮೇಲೆ ಕೆನೆ ಕಟ್ಟಿದ ರಾಗಿ ಅಂಬಲಿಯನ್ನು ಇಳಿಜಾರಿನಲ್ಲಿ ಇಟ್ಟ ಹಾಗೆ. ಮುಟ್ಟದಿದ್ದರೆ ನಿಂತಿರುತ್ತೆ.

ಅಲ್ಲಿ 70 ಗಾಳಿಯಂತ್ರ ನಿಲ್ಲಿಸಲು ಹೊರಟರು. ಚಿತ್ರದುರ್ಗ, ಗದಗದ ಕಡೆ ಗುಡ್ಡದ ಮೇಲೆ ನಿಂತಿರುತ್ತವಲ್ಲ, ಅಂಥವೇ ಫ್ಯಾನುಗಳು. ಉದ್ದೇಶ ಒಳ್ಳೇದೇ. ಹೊಗೆ ಇಲ್ಲದ ಕರೆಂಟು, ಪರಿಸರ ಉಳಿಸುವ ಕೆಲಸ. ಪರಿಸರ ಉಳಿಸುವ ಕೆಲಸಕ್ಕೆ ಪರಿಸರದ ಲೆಕ್ಕ ಯಾಕೆ ಅಂದುಕೊಂಡರೋ ಏನೋ. ಅರ್ಜಿಯ ಜೊತೆ ವರದಿ ಅಂತ ಏನೋ ಇತ್ತು, ಇಲ್ಲವೆಂದಲ್ಲ. ಆದರೆ ಅಗೆದರೆ ಗುಡ್ಡ ನಿಲ್ಲುತ್ತಾ ಬೀಳುತ್ತಾ ಅನ್ನೋದನ್ನೇ ಅದರಲ್ಲಿ ನೋಡಿರಲಿಲ್ಲ. ಜಾತಕದ ಕವರು ಇತ್ತು, ಅರಿಶಿನ ಕುಂಕುಮವೂ ಹಚ್ಚಿತ್ತು, ಒಳಗೆ ನಕ್ಷತ್ರ ಬರೆದಿರಲಿಲ್ಲ.

2003ರಲ್ಲಿ ಕೆಲಸ ಶುರುವಾಯಿತು. ಮರ ಕಡಿದರು, ರಸ್ತೆ ಮಾಡಿದರು, ಅಡಿಪಾಯ ತೋಡಿದರು. ಅಕ್ಟೋಬರ್ 16ಕ್ಕೆ ಅಂಬಲಿ ಅಲುಗಾಡಿತು. ಸುಮಾರು ನಾಲ್ಕೂವರೆ ಲಕ್ಷ ಘನ ಮೀಟರ್ ಪೀಟ್ ಮರಗಳನ್ನೂ ಎಳೆದುಕೊಂಡು ಇಳಿಜಾರಿನಲ್ಲಿ ಹೊರಟಿತು. ಸ್ವಲ್ಪ ದಿನ ನಿಂತಿತು. ತಿಂಗಳ ಕೊನೆಗೆ ಮಳೆ ಬಂತು ನೋಡಿ, ಮತ್ತೆ ಹೊರಟು ಓವೆನ್‌ಡಲುಲೀಗಾ ಹೊಳೆಗೆ ಇಳಿಯಿತು. ಸುಮಾರು 50,000 ಮೀನು ಸತ್ತವು. ಅವುಗಳಲ್ಲಿ ಒಂದಕ್ಕಾದರೂ ಹೊಗೆರಹಿತ ವಿದ್ಯುತ್ತಿನ ಬಗ್ಗೆ ತಕರಾರು ಇತ್ತು ಅಂತ ನನಗನ್ನಿಸುವುದಿಲ್ಲ.

ಚಪ್ಪರ ಕುಸಿದರೆ ಮುಹೂರ್ತ ಮುಂದಕ್ಕೆ ಹಾಕುತ್ತಾರೆ, ಅಲ್ವಾ? ಇವರು ಚಪ್ಪರ ಎತ್ತಿ ನಿಲ್ಲಿಸಿ ತಾಳಿ ಕಟ್ಟಿಸಿದರು. 2006ಕ್ಕೆ ಫ್ಯಾನು ತಿರುಗತೊಡಗಿದವು.

ದೂರು ಲಕ್ಸೆಂಬರ್ಗಿನ ಯುರೋಪಿಯನ್ ಕೋರ್ಟಿಗೆ ಹೋಯಿತು. ಐರ್ಲೆಂಡಿನ ವಾದ ಬಲು ಸೊಗಸು: "ಸ್ವಾಮಿ, ನಿಮ್ಮ 1985ರ ಪಟ್ಟಿಯಲ್ಲಿ ಗಾಳಿಯಂತ್ರ ಅನ್ನೋ ಪದವೇ ಇಲ್ಲ." ನಿಜ, ಇರಲಿಲ್ಲ. ಆದರೆ ಪೀಟ್ ತೆಗೆಯೋದು ಇತ್ತು, ರಸ್ತೆ ಮಾಡೋದು ಇತ್ತು. ಫ್ಯಾನು ಆಕಾಶದಿಂದ ಇಳಿದು ಬರಲಿಲ್ಲವಲ್ಲ ಅಂದಿತು ಕೋರ್ಟು, ಇಷ್ಟು ಒರಟಾಗಿ ಅಲ್ಲ ಬಿಡಿ. ಐರ್ಲೆಂಡಿನದೇ ತಪ್ಪು ಎಂದು ತೀರ್ಪು ಬಂದ ದಿನ 2008ರ ಜುಲೈ 3. ಗಡುವು ಮುಗಿದು ಲೆಕ್ಕ ಹಾಕಿದಂತೆ ಇಪ್ಪತ್ತು ವರ್ಷ. ಯಾರಾದರೂ ಕೇಕು ತರಬಹುದಿತ್ತು.

ಇಲ್ಲಿಂದ ಮುಂದಿನ ಹನ್ನೊಂದು ವರ್ಷದ ಕಥೆಯೇ ನನಗೆ ಜಾಸ್ತಿ ಇಷ್ಟ. ಸುಮ್ಮನೆ ಕೂತಿದ್ದರು ಅನ್ನಬೇಡಿ. 2010ರಲ್ಲಿ ಒಂದು ಕಾನೂನನ್ನೇ ತಂದರು. ಅದರ ಹೆಸರು "ಬದಲಿ ಒಪ್ಪಿಗೆ". ಅಂದರೆ ಮುಂಚೆ ನೋಡದ ಜಾತಕವನ್ನು ಆಮೇಲೆ ನೋಡಿ ಸರಿ ಮಾಡಿಕೊಳ್ಳುವ ದಾರಿ. ದಾರಿಯೇನೋ ಆಯಿತು. ಅದರಲ್ಲಿ ನಡೆಯಬೇಕಾದ ಕಂಪನಿ ಮಾತ್ರ ಅರ್ಜಿ ಹಾಕಲಿಲ್ಲ. ಕೇಳಿದರೆ, ಕಂಪನಿಯನ್ನು ಬಲವಂತ ಮಾಡೋಕಾಗಲ್ಲ, ಒಪ್ಪಿಗೆ ಕೊಟ್ಟಾಗಿದೆ, ಅದು ಅಂತಿಮ ಅಂದರು.

ಕಂಪನಿ ಯಾರದ್ದು? ದೇಶದ ವಿದ್ಯುತ್ ಸಂಸ್ಥೆ ಇಎಸ್‌ಬಿಯ ಅಂಗಸಂಸ್ಥೆ. ಇಎಸ್‌ಬಿಯಲ್ಲಿ ಆಗ ನೂರಕ್ಕೆ ಸುಮಾರು 95 ಪಾಲು ಸರ್ಕಾರದ್ದೇ. ಹೆಣ್ಣಿನ ಕಡೆಯವರೂ ಇವರೇ, ಗಂಡಿನ ಕಡೆಯವರೂ ಇವರೇ, ಛತ್ರದ ಮಾಲೀಕರೂ ಇವರೇ. ಆದರೂ "ಬೀಗರು ಒಪ್ಪುತ್ತಿಲ್ಲ" ಎಂದು ಯುರೋಪಿನ ಒಕ್ಕೂಟಕ್ಕೆ ಕಾಗದ ಬರೆಯುತ್ತಿದ್ದರು.

ಅಂದಹಾಗೆ ಇದೊಂದೇ ಅಲ್ಲ. ಸೆಪ್ಟಿಕ್ ಟ್ಯಾಂಕಿನದ್ದೂ ಒಂದು ಕೇಸಿದೆ. ಯುರೋಪಿನ 1975ರ ತ್ಯಾಜ್ಯ ನಿಯಮದ ಪ್ರಕಾರ ಹಳ್ಳಿ ಮನೆಗಳ ಸೆಪ್ಟಿಕ್ ಟ್ಯಾಂಕಿನ ಮೇಲೆ ಯಾರಾದರೂ ಕಣ್ಣಿಡಬೇಕಿತ್ತು. ಇಡಲಿಲ್ಲ ಎಂದು 2009ರಲ್ಲಿ ತೀರ್ಪು ಬಂತು. ಇಡೀ ದೇಶದಲ್ಲಿ ಕ್ಯಾವನ್ ಕೌಂಟಿ ಒಂದನ್ನು ಮಾತ್ರ ಕೋರ್ಟು ತಪ್ಪಿನಿಂದ ಹೊರಗಿಟ್ಟಿತು, ಅವರು ಮೊದಲೇ ತಮ್ಮ ಪಾಡಿಗೆ ಉಪನಿಯಮ ಮಾಡಿಕೊಂಡಿದ್ದರು. ಕ್ಯಾವನ್‌ನವರು ಅಂದರೆ ಜುಗ್ಗರು ಎಂದು ಐರಿಷ್ ಜನ ಜೋಕು ಹೊಡೆಯುತ್ತಾರೆ. 2012ರಲ್ಲಿ ದೇಶಕ್ಕೆ 20 ಲಕ್ಷ ಯೂರೋ ದಂಡ ಬಿದ್ದಾಗ ಆ ಜೋಕಿಗೆ ಯಾರು ನಕ್ಕರೋ ಗೊತ್ತಿಲ್ಲ.

ಮತ್ತೆ ಡೆರಿಬ್ರಿಯನ್. 2019ರ ನವೆಂಬರ್ 12ಕ್ಕೆ ಕೋರ್ಟಿನ ತಾಳ್ಮೆ ಮುಗಿಯಿತು. ಒಂದೇ ಸಲಕ್ಕೆ 50 ಲಕ್ಷ ಯೂರೋ ಕಟ್ಟಿ, ಜೊತೆಗೆ ಹಳೇ ತೀರ್ಪು ಪಾಲಿಸುವ ತನಕ ದಿನಕ್ಕೆ 15,000 ಯೂರೋ ಇಡಿ ಅಂದಿತು. ಭಾನುವಾರ ರಜೆ ಇಲ್ಲ, ಕ್ರಿಸ್‌ಮಸ್ ರಿಯಾಯಿತಿ ಇಲ್ಲ. ನಾನು ಕೂತು ಭಾಗಿಸಿದೆ. ಗಂಟೆಗೆ 625 ಯೂರೋ. ಅಧಿಕಾರಿಯೊಬ್ಬರು ಫೈಲು ತೆಗೆದು, ಕನ್ನಡಕ ಒರೆಸಿ, "ಇದು ನಮ್ಮ ಸೆಕ್ಷನ್ನಿಗೆ ಬರಲ್ಲ" ಎಂದು ವಾಪಸ್ ಇಡುವಷ್ಟರಲ್ಲಿ ನೂರು ಯೂರೋ ಹೋಗಿರುತ್ತೆ. ಅದೂ ಕಂಪನಿಯ ಜೇಬಿನಿಂದಲ್ಲ, ಖಜಾನೆಯಿಂದ. ಅಂದರೆ ಗುಡ್ಡದ ಕೆಳಗಿರುವ ಊರಿನವರ ತೆರಿಗೆಯೂ ಅದರಲ್ಲಿದೆ. ಗುಡ್ಡ ಜಾರಿದ್ದೂ ಅವರ ಕಡೆಗೇ, ಬಿಲ್ಲು ಬಂದದ್ದೂ ಅವರ ಕಡೆಗೇ.

ಹನ್ನೊಂದು ವರ್ಷ ಆಗದ ಕೆಲಸ ಆಮೇಲೆ ಒಂಬತ್ತೇ ತಿಂಗಳಲ್ಲಿ ಆಯಿತು. 2020ರ ಆಗಸ್ಟಿನಲ್ಲಿ ಕಂಪನಿ ತಾನೇ ಅರ್ಜಿ ಹಾಕಿತು. ಬೀಗರು ಅಷ್ಟೊಂದು ಹಟಮಾರಿಗಳೇನೂ ಆಗಿರಲಿಲ್ಲ ಅಂತಾಯಿತು. ಯೋಜನಾ ಮಂಡಳಿ ಒಂದೂವರೆ ವರ್ಷ ಕವಡೆ ಹಾಕಿ, ಗುಣಿಸಿ, 2022ರ ಫೆಬ್ರವರಿಯಲ್ಲಿ ಫಲ ಹೇಳಿತು.

ಕೂಡಿ ಬರುವುದಿಲ್ಲ. ಒಪ್ಪಿಗೆ ಇಲ್ಲ.

ಅಷ್ಟರಲ್ಲಿ ದಂಡದ ಮೊತ್ತ 1 ಕೋಟಿ 70 ಲಕ್ಷ ಯೂರೋ ದಾಟಿತ್ತು. ಆ ಮಾರ್ಚಿನಲ್ಲಿ ಫ್ಯಾನುಗಳನ್ನು ನಿಲ್ಲಿಸಿದರು. ಅಟ್ಲಾಂಟಿಕ್ ಕಡೆಯಿಂದ ಗಾಳಿ ಎಂದಿನಂತೆ ಜೋರಾಗಿ ಬೀಸುತ್ತಿತ್ತು. ಬೆಟ್ಟದ ಮೇಲೆ ಎಪ್ಪತ್ತೂ ಜನ ಮದುಮಕ್ಕಳ ಹಾಗೆ ಕೈ ಚಾಚಿಕೊಂಡು ಸುಮ್ಮನೆ ನಿಂತಿದ್ದರು.