ನಯಾಗರದ ಪೀಪಾಯಿ, ಜೋಗದ ಹವಾಯಿ ಚಪ್ಪಲಿ

ಊರಿಂದ ಯಾರೇ ಬರಲಿ, ಅವರನ್ನು ನಯಾಗರಕ್ಕೆ ಕರೆದುಕೊಂಡು ಹೋಗುವುದು ಟೊರೊಂಟೊ ಕಡೆ ಇರುವ ನಮ್ಮಂಥವರಿಗೆ ತಪ್ಪಿದ್ದಲ್ಲ. ಹೋದ ಬೇಸಿಗೆಯಲ್ಲಿ ಸಾಗರದಿಂದ ಚಿಕ್ಕಪ್ಪ, ಚಿಕ್ಕಮ್ಮ ಬಂದಿದ್ದರು. ಚಿತ್ರಾನ್ನ, ಮೊಸರನ್ನ ಕಟ್ಟಿಕೊಂಡು ಹೊರಟೆವು. ಹಾರ್ಸ್‌ಶೂ ಜಲಪಾತದ ಮುಂದೆ ನಿಂತು ಚಿಕ್ಕಪ್ಪ ಕೇಳಿದ ಮೊದಲ ಪ್ರಶ್ನೆ, "ಎತ್ತರ ಎಷ್ಟೋ?"

57 ಮೀಟರ್ ಅಂದೆ.

"ಇಷ್ಟೇನಾ! ನಮ್ಮ ಜೋಗ 253."

ಆ ಖುಷಿಯಲ್ಲೇ ಫೋಟೊಗೆ ಅಂತ ಕಬ್ಬಿಣದ ಕಂಬಿ ಮೇಲೆ ಹತ್ತಿ ಕೂತುಬಿಟ್ಟರು. ಬೆನ್ನ ಹಿಂದೆ ಇಡೀ ನಯಾಗರ. ಎಲ್ಲಿದ್ದನೋ ಏನೋ, ಪಾರ್ಕಿನ ಹುಡುಗನೊಬ್ಬ ಓಡಿ ಬಂದ. ಕೂಗಲಿಲ್ಲ. ಚಿಕ್ಕಪ್ಪನ ಕೈ ಹಿಡಿದು ಮೆಲ್ಲಗೆ ಇಳಿಸಿದ. ಆಮೇಲೆ ನನ್ನ ಕಡೆ ತಿರುಗಿ, "ನೀವು ಇಲ್ಲೇ ಇರುವವರು ತಾನೇ?" ಅಂದ. ಅಷ್ಟೇ. ಚುರುಕ್ ಅಂತು. ಚಿಕ್ಕಪ್ಪನಿಗೆ ಮಾತ್ರ ಏನೂ ಅನಿಸಿರಲಿಲ್ಲ. "ಏನಾಗ್ತಿತ್ತು ಈಗ? ಸುಮ್ನೆ ಗಾಬರಿ ಬೀಳ್ತಾರಪ್ಪ ಇಲ್ಲಿಯವರು."

ಏನಾಗ್ತಿತ್ತು ಅಂದರೆ, 2011ರ ಆಗಸ್ಟಿನಲ್ಲಿ ಆದದ್ದೇ ಆಗ್ತಿತ್ತು. ಟೊರೊಂಟೊದಲ್ಲಿ ಓದುತ್ತಿದ್ದ ಜಪಾನಿನ 19 ವರ್ಷದ ಹುಡುಗಿ ಇಂಥದ್ದೇ ಕಂಬಿಯ ಮೇಲೆ ಕಾಲು ಇಳಿಬಿಟ್ಟು ಕೂತಿದ್ದಳು, ಕೈಯಲ್ಲಿ ಕೊಡೆ. ಏಳಲು ಹೋದಾಗ ಆಯ ತಪ್ಪಿತು. ಅವಳನ್ನು ಹುಡುಕಲು ಹೋದವರಿಗೆ ಮೊದಲು ಸಿಕ್ಕಿದ್ದು ಬೇರೆ ಯಾರೋ ಗಂಡಸಿನ ಹೆಣ. ಇದನ್ನು ಹೇಳಿದರೆ ಚಿಕ್ಕಪ್ಪ "ಪಾಪ, ಅವಳ ಆಯಸ್ಸು ಅಷ್ಟೇ ಇತ್ತು" ಅಂದು ಮೊಸರನ್ನದ ಡಬ್ಬಿ ಬಿಚ್ಚಿದರು.

ನನಗೆ ರೇಗುವುದು ಇಲ್ಲೇ. ಈ ಆಯಸ್ಸಿನ ಲೆಕ್ಕಕ್ಕೆ ನಯಾಗರದಲ್ಲೇ ಒಂದು ಪುರಾವೆಯೂ ಸಿಗುತ್ತದೆ, ಅದು ಇನ್ನೊಂದು ಕಿರಿಕಿರಿ. ಬಾಬಿ ಲೀಚ್ ಅಂತ ಒಬ್ಬನಿದ್ದ. 1911ರಲ್ಲಿ ಉಕ್ಕಿನ ಪೀಪಾಯಿಯಲ್ಲಿ ಕೂತು ನಯಾಗರದ ಮೇಲಿಂದ ಬಿದ್ದು ಬದುಕಿದ. ಮುಂದೆ ನ್ಯೂಜಿಲೆಂಡಿನಲ್ಲಿ ರಸ್ತೆಯಲ್ಲಿ ಕಿತ್ತಳೆ ಸಿಪ್ಪೆಯ ಮೇಲೆ ಕಾಲಿಟ್ಟು ಜಾರಿದ. ಕಾಲಿಗೆ ಪೆಟ್ಟಾಯಿತು, ಕೊಳೆಯಿತು, ಕತ್ತರಿಸಿದರು, 1926ರಲ್ಲಿ ಸತ್ತ. ಚಿಕ್ಕಪ್ಪನಿಗೆ ಈ ಕಥೆ ಹೇಳಬಾರದಿತ್ತು. ಅವರು ವಾಪಸ್ ಹೋಗುವವರೆಗೂ ಮನೆಗೆ ಬಂದವರಿಗೆಲ್ಲ ಅದನ್ನೇ ಹೇಳಿದರು. "ನೋಡಿ, ಸಾಯಬೇಕು ಅಂತಿದ್ರೆ ಸಿಪ್ಪೆ ಸಾಕು. ಇಲ್ಲಾಂದ್ರೆ ನಯಾಗರಾನೂ ಏನೂ ಮಾಡಲ್ಲ."

ಆದರೆ ಲೀಚ್ ಉಕ್ಕಿನ ಪೀಪಾಯಿ ಮಾಡಿಸಿದ್ದ ಅನ್ನುವುದನ್ನು ಅವರು ಯಾರಿಗೂ ಹೇಳಲಿಲ್ಲ. ಅಷ್ಟು ಮಾಡಿಸಿಯೂ ಎರಡು ಮಂಡಿಚಿಪ್ಪು ಮುರಿದು, ದವಡೆ ಒಡೆದು, ತಿಂಗಳುಗಟ್ಟಲೆ ಆಸ್ಪತ್ರೆಯಲ್ಲಿ ಬಿದ್ದಿದ್ದ ಅನ್ನುವುದನ್ನೂ ಹೇಳಲಿಲ್ಲ.

ನನಗೆ ಇಲ್ಲಿಯ ಹುಚ್ಚರನ್ನು ಕಂಡರೆ ಒಂಥರಾ ಗೌರವ. ಹುಚ್ಚಿಗೂ ಅವರದ್ದೊಂದು ಕ್ರಮ ಇದೆ. ಪೀಪಾಯಿಯಲ್ಲಿ ಮೊದಲು ಬಿದ್ದು ಬದುಕಿದ್ದು ಆನಿ ಟೇಲರ್ ಅನ್ನುವ ಟೀಚರಮ್ಮ, 1901ರಲ್ಲಿ, ತನ್ನ 63ನೇ ಹುಟ್ಟುಹಬ್ಬದ ದಿನ. ಓಕ್ ಮರದ ಪೀಪಾಯಿ, ಒಳಗೆ ಹಾಸಿಗೆಯ ಮೆತ್ತೆ. ಮುಚ್ಚಳ ಹಾಕಿದ ಮೇಲೆ ಸೈಕಲ್ ಪಂಪಿನಿಂದ ಒಳಗೆ ಗಾಳಿ ತುಂಬಿದರು. ಮೊದಲು ಒಂದು ಬೆಕ್ಕನ್ನು ಕೂರಿಸಿ ಬಿಟ್ಟು ನೋಡಿದ್ದಳಂತೆ. ಪಾಪದ ಬೆಕ್ಕು, ಸರಿ. ಆದರೆ ಯೋಚನೆ ಮಾಡಿದ್ದಳು ಅಲ್ವಾ? ಯೋಚನೆ ಮಾಡದವನ ಗತಿಯೂ ಇಲ್ಲೇ ಇದೆ. 1920ರಲ್ಲಿ ಇಂಗ್ಲೆಂಡಿನಿಂದ ಬಂದ ಚಾರ್ಲ್ಸ್ ಸ್ಟೀಫನ್ಸ್ ಅನ್ನುವ ಕ್ಷೌರಿಕನಿಗೆ ಇದೇ ಲೀಚ್, "ಖಾಲಿ ಪೀಪಾಯಿ ಬಿಟ್ಟು ಒಮ್ಮೆ ನೋಡು ಮಾರಾಯ" ಅನ್ನುವ ಅರ್ಥದಲ್ಲಿ ಬುದ್ಧಿ ಹೇಳಿದ್ದ. ಅವನು ಕೇಳಲಿಲ್ಲ. ಭಾರಕ್ಕೆ ಅಂತ ಕಾಲಿಗೆ ಕಮ್ಮಾರರ ಅಡಿಗಲ್ಲು ಕಟ್ಟಿಕೊಂಡ. ಕೆಳಗೆ ಬಿದ್ದ ಹೊಡೆತಕ್ಕೆ ಅಡಿಗಲ್ಲು ತಳ ಒಡೆದುಕೊಂಡು ಅವನನ್ನೂ ಎಳೆದುಕೊಂಡು ಹೋಯಿತು. ಸಿಕ್ಕಿದ್ದು ಬೆಲ್ಟಿನಲ್ಲಿ ಉಳಿದ ಬಲಗೈ ಒಂದೇ.

"ಗಂಡಸರೇ ಹಿಂಗೆ, ಹೇಳಿದ್ದು ಕೇಳಲ್ಲ" ಅಂದರು ಚಿಕ್ಕಮ್ಮ. ಈ ಥರ ಸಾಯುವವರಲ್ಲಿ ಗಂಡಸರೇ ಜಾಸ್ತಿ ಅಂತ ಬ್ರಿಟನ್ನಿನ ಒಂದು ವೈದ್ಯ ಪತ್ರಿಕೆ 2014ರ ಕ್ರಿಸ್‌ಮಸ್ ಸಂಚಿಕೆಯಲ್ಲಿ ತಮಾಷೆಯಾಗಿಯೇ ಲೆಕ್ಕ ಹಾಕಿತ್ತು. ಪೆದ್ದು ಸಾವಿಗೆ ಕೊಡುವ ಡಾರ್ವಿನ್ ಪ್ರಶಸ್ತಿಯ 318 ಪ್ರಕರಣಗಳಲ್ಲಿ 282 ಗಂಡಸರದ್ದು. ಚಿಕ್ಕಮ್ಮನಿಗೆ ಆ ಲೆಕ್ಕ ಬೇಕಿರಲಿಲ್ಲ, ಮನೆಯಲ್ಲೇ ಒಬ್ಬರಿದ್ದಾರೆ.

ಈಗಂತೂ ಇಲ್ಲಿ ಸಾಹಸಕ್ಕೂ ಅರ್ಜಿ ಹಾಕಬೇಕು. 2012ರ ಜೂನ್‌ನಲ್ಲಿ ನಿಕ್ ವಲೆಂಡಾ ತಂತಿಯ ಮೇಲೆ ಅಮೆರಿಕದ ದಡದಿಂದ ಕೆನಡಾದ ದಡಕ್ಕೆ ನಡೆದುಕೊಂಡು ಬಂದ. ಅದಕ್ಕೆ ಎರಡೂ ಕಡೆ ಒಪ್ಪಿಗೆ ಬೇಕಾಯಿತು. ತೋರಿಸುತ್ತಿದ್ದ ಟಿವಿಯವರು ಸೊಂಟಕ್ಕೆ ಹಗ್ಗ ಕಟ್ಟಿಕೊಳ್ಳಲೇಬೇಕು ಅಂದರು. ಅವನಿಗೆ ಇಷ್ಟವಿರಲಿಲ್ಲ, ಆದರೂ ಕಟ್ಟಿಕೊಂಡ. ಈ ದಡಕ್ಕೆ ಬಂದು ನಿಂತ ಕೂಡಲೇ ಗಡಿ ಅಧಿಕಾರಿ ಪಾಸ್‌ಪೋರ್ಟ್ ಕೇಳಿದರು. ಜೇಬಿನಿಂದ ತೆಗೆದು ಕೊಟ್ಟ! ಕೆನಡಾ ಕಡೆಯ ಪಾರ್ಕಿನವರು ಇಂಥ ಸಾಹಸಕ್ಕೆ ಇಪ್ಪತ್ತು ವರ್ಷಕ್ಕೊಮ್ಮೆ ಮಾತ್ರ ಬಾಗಿಲು ತೆರೆಯುವುದು ಅಂತ ಆಗ ಹೇಳಿದ್ದರು. ಕೇಳದೆ ಹಾರಿದವರಿಗೆ ಸಾವಿರಾರು ಡಾಲರ್ ದಂಡ.

ಈಗ ನಮ್ಮ ಕಡೆ ಬನ್ನಿ. ಬೇಸಿಗೆಯಲ್ಲಿ ಜೋಗ ಒಣಗಿದಂತಾದಾಗ, ರಾಜಾ ಬೀಳುವ ನೆತ್ತಿಯ ಬಂಡೆಗೇ ಹೋಗಿ ಬೋರಲು ಮಲಗಿ ಕೆಳಗೆ ಇಣುಕುವುದು ನಮ್ಮ ಕಾಲೇಜಿನ ಹುಡುಗರಿಗೆ ಮಾಮೂಲಾಗಿತ್ತು. ಕಾಲು ಹಿಡಿದುಕೊಳ್ಳಲು ಒಬ್ಬ ಗೆಳೆಯ. ಆ ಗೆಳೆಯನ ಕಾಲು ಹಿಡಿಯಲು ಯಾರೂ ಇಲ್ಲ. ಹವಾಯಿ ಚಪ್ಪಲಿಯನ್ನು ಮಾತ್ರ ಜೋಪಾನವಾಗಿ ಹಿಂದೆ ಬಿಟ್ಟು ಬರುತ್ತಿದ್ದರು, ಕೆಳಗೆ ಬಿದ್ದರೆ ಮನೆಯಲ್ಲಿ ಬೈತಾರೆ ಅಂತ. ಇದನ್ನು ಯಾರೂ ಸಾಹಸ ಅಂದುಕೊಂಡಿರಲಿಲ್ಲ. ನೋಡಲು ಜನ ಇಲ್ಲ, ಪಂದ್ಯ ಇಲ್ಲ, ದುಡ್ಡಿಲ್ಲ. "ಏನೂ ಆಗಲ್ಲ ಬಾರೋ" ಅಂತ ಒಬ್ಬ ಅಂದ, ಉಳಿದವರು ಹೋದರು.

ಆ ಒಂದು ಮಾತು ಎಷ್ಟು ಜನರನ್ನು ನುಂಗಿದೆಯೋ. 2016ರ ನವೆಂಬರ್, ತಿಪ್ಪಗೊಂಡನಹಳ್ಳಿ ಜಲಾಶಯ. ಸಿನಿಮಾ ಚಿತ್ರೀಕರಣಕ್ಕೆ ಖಳನಟರಾದ ಅನಿಲ್ ಮತ್ತು ಉದಯ್ ಹೆಲಿಕಾಪ್ಟರ್‌ನಿಂದ ನೀರಿಗೆ ಹಾರಿದರು. ಈಜು ಅಷ್ಟಾಗಿ ಬರುವುದಿಲ್ಲ, ಭಯ ಇದೆ ಅಂತ ಅವರೇ ಕ್ಯಾಮೆರಾ ಮುಂದೆ ಹೇಳಿಕೊಂಡಿದ್ದರು. ಮೈಮೇಲೆ ಲೈಫ್ ಜಾಕೆಟ್ ಇರಲಿಲ್ಲ. ದೋಣಿ ಸಮಯಕ್ಕೆ ಬರಲಿಲ್ಲ. ಅವರ ಜೊತೆ ಹಾರಿದ ನಾಯಕ ನಟ ಬದುಕಿದರು, ಇವರಿಬ್ಬರೂ ಮುಳುಗಿದರು. ಆನಿ ಟೇಲರಮ್ಮನ ಬೆಕ್ಕಿಗೆ ಸಿಕ್ಕಿದ್ದ ಪೀಪಾಯಿಯೂ ಇವರಿಗೆ ಸಿಗಲಿಲ್ಲ.

ಮರುವರ್ಷ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಕಾಲೇಜು ಹುಡುಗರು ಕನಕಪುರ ಕಡೆಯ ಒಂದು ಕಲ್ಯಾಣಿಗೆ ಇಳಿದು ಸೆಲ್ಫಿ ತೆಗೆದುಕೊಂಡರು. ಆಮೇಲೆ ಫೋಟೊ ನೋಡಿದರೆ, ನಗುತ್ತಿರುವ ಮುಖಗಳ ಹಿಂದೆ ಗೆಳೆಯ ಮುಳುಗುತ್ತಿದ್ದಾನೆ. 2023ರ ಜುಲೈನಲ್ಲಿ ಕೊಲ್ಲೂರು ಹತ್ತಿರದ ಅರಶಿನಗುಂಡಿಯಲ್ಲಿ, ಮಳೆಗೆ ಉಕ್ಕುತ್ತಿದ್ದ ನೀರಿನ ಪಕ್ಕ ಬಂಡೆಯ ಮೇಲೆ ನಿಂತು ರೀಲ್ಸ್ ಮಾಡಿಸುತ್ತಿದ್ದ ಯುವಕ ಜಾರಿದ. ಹೆಣ ಸಿಗಲು ದಿನಗಟ್ಟಲೆ ಬೇಕಾಯಿತು. ಆ ವಿಡಿಯೊ ನನಗೆ ನಮ್ಮ ಕುಟುಂಬದ ಗ್ರೂಪಿನಲ್ಲೇ ಬಂತು, ಮೇಲೆ ಕೈ ಮುಗಿದ ಚಿಹ್ನೆ, ಕೆಳಗೆ "ವಿಧಿ". ಕಳಿಸಿದವರು ಯಾರು ಅಂತ ಹೇಳಬೇಕಿಲ್ಲ.

ಇಷ್ಟೆಲ್ಲ ಬರೆದ ಮೇಲೆ ಎರಡು ಮಾತು ಒಪ್ಪಿಕೊಳ್ಳಬೇಕು, ಮನಸ್ಸಿಲ್ಲದಿದ್ದರೂ. ಕೆನಡಾದವರಿಗೆ ಈ ಬುದ್ಧಿ ಹುಟ್ಟಿನಿಂದ ಬಂದದ್ದಲ್ಲ. 1827ರಲ್ಲಿ ಇಲ್ಲಿಯ ಹೋಟೆಲಿನವರೇ ವ್ಯಾಪಾರಕ್ಕೆ ಅಂತ ಒಂದು ಹಳೆ ಹಡಗಿನಲ್ಲಿ ಜೀವಂತ ಪ್ರಾಣಿಗಳನ್ನು ತುಂಬಿ ಜಲಪಾತಕ್ಕೆ ಬಿಟ್ಟಿದ್ದರು. ನೋಡಲು ಸಾವಿರಾರು ಜನ. ನಮ್ಮ ಜೋಗದ ನೆತ್ತಿಯಿಂದ ಯಾರೂ ಕರಡಿ ತಳ್ಳಿ ಊಟ, ರೂಮು ಮಾರಿಲ್ಲ. ಟೇಲರಮ್ಮ ಬಿದ್ದದ್ದೂ ಹೊಟ್ಟೆಪಾಡಿಗೆ. ಅವಳ ಮ್ಯಾನೇಜರ್ ಪೀಪಾಯಿಯನ್ನೇ ಎತ್ತಿಕೊಂಡು ಓಡಿದ, ಅವಳು ಬಡವಿಯಾಗಿಯೇ ಸತ್ತಳು. ಇಲ್ಲಿಯ ನದಿಯಿಂದ ನೂರಕ್ಕೂ ಹೆಚ್ಚು ಹೆಣ ತೆಗೆದ ರೆಡ್ ಹಿಲ್ ಅನ್ನುವವನ ಮಗನೇ 1951ರಲ್ಲಿ ಟೈರ್ ಟ್ಯೂಬುಗಳನ್ನು ಬಲೆಯಲ್ಲಿ ಕಟ್ಟಿಕೊಂಡು ಹಾರಿ ಸತ್ತ. ಕಾಯ್ದೆ ಬಿಗಿಯಾದದ್ದು ಅದರ ಮೇಲೆ. ಬಿಗಿಯಾದ ಮೇಲೂ ನಿಂತಿಲ್ಲ. 2003ರಲ್ಲಿ ಬರೀ ಬಟ್ಟೆಯಲ್ಲಿ ಹಾರಿ ಬದುಕಿ ದಂಡ ಕಟ್ಟಿದ ಕರ್ಕ್ ಜೋನ್ಸ್, 2017ರಲ್ಲಿ ಗಾಳಿ ತುಂಬಿದ ಚೆಂಡಿನೊಳಗೆ ಕೂತು ಮತ್ತೆ ಹೋದ. ಆ ಸಲ ಬದುಕಲಿಲ್ಲ.

ಇನ್ನೊಂದು ಮಾತು. ನಮ್ಮಲ್ಲಿ ಯಾರಾದರೂ ಬಿದ್ದರೆ ಹುಡುಕಲು ಇಳಿಯುವ ಜನ ಇದ್ದಾರೆ. ಕೋಟೆ ಗೋಡೆಯನ್ನು ಹಗ್ಗವಿಲ್ಲದೆ ಹತ್ತುವ ಚಿತ್ರದುರ್ಗದ ಕೋತಿರಾಜ್ ಜೋಗದ ಬಂಡೆಗಳಲ್ಲೂ ಹೆಣ ಹುಡುಕಿದ್ದಾರೆ. ಮಲ್ಪೆಯ ಈಶ್ವರ್ ನೀರಿಗಿಳಿಯುತ್ತಾರೆ. ಅಪಾಯ ಏನು ಅಂತ ಊರಲ್ಲಿ ನಿಜವಾಗಿ ಬಲ್ಲವರು ಇಂಥವರೇ, ಮತ್ತು ಅವರೇ ಅದರ ಬಾಯಿಗೆ ಹೋಗುತ್ತಾರೆ.

ಅವರಿಗೆ ಫೋನ್ ಹೋಗುವ ಮೊದಲೇ ಒಂದು ಉದ್ದದ ಕಂಬಿ, ಮಳೆಗಾಲಕ್ಕೆ ಇಬ್ಬರು ಕಾವಲಿನವರು, ಸ್ಥಳದಲ್ಲೇ ದಂಡ, ಇಷ್ಟು ಮಾಡಲು ಎಷ್ಟು ಖರ್ಚಾದೀತು? ಜಿಲ್ಲಾಧಿಕಾರಿಗಳು ಮಳೆ ಜೋರಾದಾಗ ಫಾಲ್ಸ್ ಬಂದ್ ಅಂತ ಆದೇಶ ಹೊರಡಿಸುವುದೂ ಉಂಟು. ಗೇಟಿನ ಹತ್ತಿರ ಟೀ ಅಂಗಡಿಯ ಹುಡುಗ, "ಹಿಂದಿನ ದಾರಿ ಗೊತ್ತು ಸಾರ್, ನೂರು ರೂಪಾಯಿ ಕೊಡಿ" ಅನ್ನುವುದೂ ಉಂಟು.